ಭಾವ ಕೊಟ್ಟ ಕೂವೆಕಂಬ

ಕಂಬ ಮುರಿದ ದೋಣಿಯನ್ನು ನೋಡಿದರೆ ಊರಿನವರೆಲ್ಲ ಅಯ್ಯೋ ಅನ್ನುತ್ತಾರೆ. ಅನ್ನುವುದಕ್ಕೆ ಏನೂ ಖರ್ಚಿಲ್ಲ. ಸೆಪ್ಟೆಂಬರ್ ಕೊನೆಯ ಬಿರುಗಾಳಿಗೆ ತೋಮೆಯ ದೋಣಿಯ ಕೂವೆಕಂಬ ಎದೆಮಟ್ಟದಲ್ಲಿ ಲಟಕ್ಕನೆ ಮುರಿದು ಹಾಯಿಯ ಸಮೇತ ನೀರಿಗೆ ಬಿದ್ದಾಗ, ದಂಡೆಗೆ ಬಂದು ಅಯ್ಯೋ ಅಂದು ಮನೆಗೆ ಹೋದವರು ಬೇಕಾದಷ್ಟು ಜನ. ತಿರುಗಿ ಬಂದವನು ಒಬ್ಬನೇ, ಅವಳ ಅಕ್ಕನ ಗಂಡ ಯಸೋಜಿ. ಅವಳಿಗೆ ಮೋಸ ಮಾಡಿದವನೂ ಅವನೇ. ಅಯ್ಯೋ ಅಂದು ಹೋದವರು ಯಾರೂ ಮೋಸ ಮಾಡಲಿಲ್ಲ. ಮೋಸ ಮಾಡಬೇಕಾದರೆ ಮೊದಲು ಹತ್ತಿರ ಬರಬೇಕಾಗುತ್ತದೆ.

ಹೊಕ್ಕೈಡೊದ ಪೂರ್ವದ ಅಂಚಿನ ಆ ಕೊಲ್ಲಿಯಲ್ಲಿ ನೀರು ಸೊಂಟದಾಳ, ಹೆಚ್ಚೆಂದರೆ ಎರಡಾಳು. ತಳದ ತುಂಬ ಕಡಲಹುಲ್ಲು. ಆ ಹುಲ್ಲಿನ ಬುಡದಲ್ಲಿ ಪಟ್ಟೆಪಟ್ಟೆ ಸೀಗಡಿ. ಎಂಜಿನ್ನಿನ ರೆಕ್ಕೆ ತಿರುಗಿದರೆ ಹುಲ್ಲು ತುಂಡಾಗುತ್ತದೆ, ಹುಲ್ಲು ಹೋದರೆ ಸೀಗಡಿ ಹೋಗುತ್ತದೆ. ಇದು ಹೇಳಿಕೊಟ್ಟು ಕಲಿತ ಪಾಠವಲ್ಲ. ಒಂದು ಕಾಲದಲ್ಲಿ ಎಲ್ಲರೂ ಆಸೆಬಿದ್ದು ಎಂಜಿನ್ ಹಾಕಿಕೊಂಡು ಕೊಲ್ಲಿಯನ್ನು ಕಲಕಿದ್ದರು. ಒಂದು ಶರತ್ಕಾಲದಲ್ಲಿ ದಂಡೆಯ ಉದ್ದಕ್ಕೂ ಹುಲ್ಲು ಬಂದು ಬಿತ್ತು, ಕ್ಷೌರದಂಗಡಿಯ ನೆಲದ ಮೇಲೆ ಕೂದಲು ಬಿದ್ದ ಹಾಗೆ. ಆಮೇಲಿನ ವರ್ಷಗಳಲ್ಲಿ ಬಲೆ ಎತ್ತಿದರೆ ಬರಿ ಕೆಸರು.

ದಂಡೆಗೆ ಹುಲ್ಲು ಬಿದ್ದ ದಿನವೇ ಅದನ್ನು ಬೊಗಸೆಯಲ್ಲಿ ಹಿಡಿದು ಸೀಗಡಿ ಬೇಯಿಸುವ ಕೊಟ್ಟಿಗೆಯಲ್ಲಿ ಎಲ್ಲರೆದುರು ಅತ್ತವನು ಯಸೋಜಿ. "ಇದು ನಮ್ಮ ತೊಟ್ಟಿಲು ಕಣ್ರಪ್ಪಾ. ತೊಟ್ಟಿಲಿಗೆ ಕೊಡಲಿ ಹಾಕಿದ್ವಿ," ಅಂದ. ಅವತ್ತೇ ಕಟ್ಟಳೆಯಾಯಿತು. ಕೊಲ್ಲಿಯ ಹೊರಗೆ ಎಂಜಿನ್, ಒಳಗೆ ಹುಲ್ಲಿನ ಮೇಲೆ ಹಾಯಿ ಮಾತ್ರ. ನಿಧಾನಕ್ಕೆ ಹುಲ್ಲು ಮರಳಿತು, ಸೀಗಡಿಯೂ ಮರಳಿತು. ಈ ಕಟ್ಟಳೆ ಬದಲಾಗಬೇಕಾದರೆ ಸೀಗಡಿ ಹಿಡಿಯುವ ಪ್ರತಿಯೊಂದು ಮನೆಯೂ ಹೂಂ ಅನ್ನಬೇಕು. ಒಂದೇ ಒಂದು ಮನೆ ಊಹೂಂ ಅಂದರೂ ಇಲ್ಲ. ಈ ಕೊನೆಯ ಮಾತನ್ನು ಸೇರಿಸಿದವನೂ ಯಸೋಜಿಯೇ.

ತೋಮೆ ಮನೆಯ ಕೊನೆಯ ಮಗಳು. ಹೆಣ್ಣು ಹುಟ್ಟಿದ್ದು ಸಾಕು ಎಂದು ಅವಳಪ್ಪ ಇಟ್ಟ ಹೆಸರು ಅದು. ನಮ್ಮಲ್ಲಿ ಸಾಕಮ್ಮ ಎಂದು ಇಡುವುದಿಲ್ಲವೇ, ಹಾಗೆ. ಸಾಕು ಅನ್ನಿಸಿಕೊಂಡು ಹುಟ್ಟಿದವಳು ಯಾರಿಗೂ ಹೊರೆಯಾಗಬಾರದೆಂದು ಹಲ್ಲು ಕಚ್ಚಿ ಬೆಳೆದಳು. ಗಂಡ ರೋಕುಸುಕೆ ಸಾಲ್ಮನ್ ಹಿಡಿಯುವ ದೊಡ್ಡ ಹಡಗು ಹತ್ತಿ ಉತ್ತರಕ್ಕೆ ಹೋದವನು ಬರಲಿಲ್ಲ. ಹಡಗೂ ಬರಲಿಲ್ಲ. ದಂಡೆಯ ಮೇಲೆ ಅವನ ಹಾಯಿದೋಣಿ ಉಳಿಯಿತು. ಮೂವತ್ತರ ಹೆಂಗಸು ಆ ದೋಣಿ ಹತ್ತುತ್ತೇನೆ ಅಂದಾಗ ಊರು ಬಾಯಿಮೇಲೆ ಕೈಯಿಟ್ಟುಕೊಂಡಿತು. ದೋಣಿಯೊಳಗೆ ಇರುವ ದೇವತೆ ಹೆಣ್ಣು, ದೋಣಿತಾಯಿ. ಅವಳಿಗೆ ಮತ್ತೊಂದು ಹೆಣ್ಣು ಕಂಡರೆ ಆಗದು ಅನ್ನುವ ನಂಬಿಕೆ.

"ಎರಡು ಹೆಣ್ಣು ಒಂದೇ ಒಲೆ ಹಂಚ್ಕೊಳಲ್ಲ ಯಸೋಜಿ, ನಿನ್ನ ನಾದಿನಿಗೆ ಬುದ್ಧಿ ಹೇಳು," ಎಂದು ತಸಾಬುರೊ ಎಂಬವನು ದಾರಿಯಲ್ಲಿ ನಿಲ್ಲಿಸಿ ಹೇಳಿದ.

"ನಮ್ಮನೇಲಿ ಅಮ್ಮ, ಹೆಂಡ್ತಿ ಇಷ್ಟು ವರ್ಷದಿಂದ ಒಂದೇ ಒಲೇಲಿ ಬೇಯಿಸ್ತಾ ಇದಾರೆ," ಅಂದ ಯಸೋಜಿ. "ಒಲೆ ಒಡೆದಿಲ್ಲ. ಬೆಂದವನು ನಾನು."

ಅವಳಿಗೆ ಹಗ್ಗ ಹಿಡಿಯುವುದನ್ನು ಕಲಿಸಿದವನು ಅವನು. ಗಾಳಿಯನ್ನು ಕೆನ್ನೆಯಿಂದ ಓದುವುದು, ದೋಣಿಯನ್ನು ಅಡ್ಡ ತಿರುಗಿಸಿ ಗಾಳಿಗೆ ಒಪ್ಪಿಸಿ ಬಲೆಯನ್ನು ಹುಲ್ಲಿನ ಮೇಲೆ ನವಿರಾಗಿ ಎಳೆಯುವುದು, ಎಲ್ಲ ಅವನದೇ ಪಾಠ. ಅವಳು ತನ್ನಪ್ಪನನ್ನೂ ಅಷ್ಟು ನಂಬಿರಲಿಲ್ಲ.

ಈಗ ಕಂಬ ಮುರಿದಿತ್ತು. ಶರತ್ಕಾಲದ ಸೀಗಡಿ ಶುರುವಾಗುವುದು ಅಕ್ಟೋಬರ್ ನಡುವಿಗೆ. ಹಿಮ ಬೀಳುವ ಮುಂಚಿನ ಆ ಚೂರು ಕಾಲವೇ ಅವಳ ಚಳಿಗಾಲದ ಅನ್ನ. ಕಂಬಕ್ಕೆ ಬೇಕಾದದ್ದು ಗುಡ್ಡದ ಬಡಗುಮಗ್ಗುಲಲ್ಲಿ ನಿಧಾನ ಬೆಳೆದು, ಕಡಿದಮೇಲೆ ವರ್ಷಗಟ್ಟಲೆ ನೆರಳಲ್ಲಿ ಒಣಗಿದ ಸ್ಪ್ರೂಸ್ ಮರ. ಅಂಥದ್ದನ್ನು ಮನೆಯಲ್ಲಿ ಬಿಡಿಯಾಗಿ ಇಟ್ಟುಕೊಂಡವರು ಊರಲ್ಲಿ ಯಾರೂ ಇರಲಿಲ್ಲ.

ಹಾಗಾಗಿ ಸೀಗಡಿ ಶುರುವಾಗಲು ಎರಡು ದಿನವಿದೆ ಅನ್ನುವಾಗ, ಮರಳೆಲ್ಲ ಹೆಪ್ಪುಗಟ್ಟಿ ಕಾಲಡಿ ಕರಕರ ಅನ್ನುತ್ತಿದ್ದ ಬೆಳಿಗ್ಗೆ, ಯಸೋಜಿ ಜಾರುಬಂಡಿಯ ಮೇಲೆ ಒಂದು ಕಂಬ ಎಳೆದುಕೊಂಡು ಬಂದಾಗ ತೋಮೆ ಅದನ್ನು ಎರಡೆರಡು ಸಲ ಮುಟ್ಟಿ ನೋಡಿದಳು. ಹೊಸದಾಗಿ ಕೀಸಿದ್ದರಿಂದ ಬೆಣ್ಣೆಯ ಬಣ್ಣಕ್ಕಿತ್ತು. ಬುಡಕ್ಕೆ ಮಾತ್ರ ಹುಲ್ಲಿನ ಗೋಣಿ ಸುತ್ತಿ ಬಿಗಿಯಾಗಿ ಕಟ್ಟಿತ್ತು.

"ಎಲ್ಲಿ ಸಿಕ್ಕಿತು ಭಾವ?"

"ಸಿಕ್ಕಿತು. ಹಸು ಕೊಟ್ಟರೆ ಹಲ್ಲು ಎಣಿಸ್ತೀಯಾ? ಹಗ್ಗ ತಾ."

ಮೂರು ಕಾಲಿನ ಮರದ ಕಟ್ಟು ನಿಲ್ಲಿಸಿ, ರಾಟೆಗೆ ಹಗ್ಗ ಹಾಕಿ, ಇಬ್ಬರೂ ಎಳೆಯತೊಡಗಿದರು. ನೀರಿನ ಮೇಲೆ ಹಬೆ ಏಳುತ್ತಿತ್ತು. ಹಗ್ಗ ಹೀರಿದ್ದ ನೀರು ಹೆಪ್ಪುಗಟ್ಟಿ ಅದು ಕೋಲಿನ ಹಾಗೆ ಸೆಟೆದುಕೊಂಡಿತ್ತು. ಬೀಸಿದ ಗಾಳಿಗೆ ಯಸೋಜಿಯ ಮೂಗಿನ ತುದಿಯಲ್ಲಿ ಹನಿ ಗಟ್ಟಿಯಾಗಿ ನಿಂತಿತ್ತು. ಬಲಭುಜ ಎತ್ತುವಾಗೆಲ್ಲ ಅವನು ಮುಖ ಹಿಂಡುತ್ತಿದ್ದ.

"ನನ್ನ ಬೆರಳು ಉದುರಿ ಬೀಳ್ತಾವೆ ಭಾವ."

"ಬಿದ್ರೆ ಸಾರಿಗೆ ಹಾಕು. ಎಳಿ ಎಳಿ, ಬಾಯಿ ಆಮೇಲೆ ಆಡಿಸುವಿಯಂತೆ."

ಕಂಬ ನೆಟ್ಟಗೆ ತೂಗಾಡಿತು. ದೋಣಿಯ ಹೊಟ್ಟೆಯಲ್ಲಿ, ತಳದ ದಿಮ್ಮಿಯಲ್ಲಿ, ಕಂಬ ಕೂರುವ ಕುಣಿಯಿದೆ. ಆ ಕುಣಿಯ ತಳದಲ್ಲಿ ಇನ್ನೊಂದು ಪುಟ್ಟ ಗುಳಿ, ದೋಣಿತಾಯಿಯ ಮನೆ. ಎರಡು ಪುಟ್ಟ ದಾಳ, ಒಂದು ಹಿಡಿ ಕಾಳು, ದೋಣಿಯ ಒಡತಿಯ ತಲೆಗೂದಲಿನ ಎಳೆ, ಇಷ್ಟನ್ನು ಕಾಗದದಲ್ಲಿ ಸುತ್ತಿ ಅಲ್ಲಿಟ್ಟು ಅದರ ಮೇಲೆ ಕಂಬ ಇಳಿಸುವುದು. ಒಮ್ಮೆ ಇಳಿಸಿದರೆ ಮುಗಿಯಿತು. ಕಂಬ ಮುರಿಯಬೇಕು, ಇಲ್ಲವೆ ದೋಣಿಯ ಆಯುಸ್ಸು ತೀರಬೇಕು. ಅಲ್ಲಿಯವರೆಗೆ ಕೀಳುವಂತಿಲ್ಲ. ಕೂತ ಕಂಬವನ್ನು ಕೀಳುವುದು ದೋಣಿತಾಯಿಯ ಜುಟ್ಟು ಹಿಡಿದೆಳೆದ ಹಾಗೆ. ಎಂಜಿನ್ ಬಂದಮೇಲೆ ಎಷ್ಟೋ ನಂಬಿಕೆ ಹೋದವು, ಇದು ಹೋಗಿಲ್ಲ. ಸಮುದ್ರದ ಮೇಲೆ ಹೋಗುವವನು ಒಂದೆರಡು ಭಯಗಳನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾನೆ.

ತೋಮೆ ತಲೆವಸ್ತ್ರ ಬಿಚ್ಚಿ, ಕತ್ತರಿಯಿಂದ ಒಂದೆಳೆ ಕೂದಲು ಕತ್ತರಿಸಿ, ಹೊಸ ಕಾಗದದಲ್ಲಿ ಸುತ್ತಿ ಗುಳಿಯಲ್ಲಿಟ್ಟಳು. ಬೆಚ್ಚಗೆ ಮಾಡಿ ತಂದ ಸಾಕೆ ಹೆಂಡದ ಬಾಟಲಿ ತೆಗೆದಳು. ಒಡತಿಯೇ ಕಂಬದ ಪಾದ ತೊಳೆಯಬೇಕು.

"ಅದನ್ನ ನಾನು ಆಗಲೇ ತೊಳೆದಿದೀನಿ ಬಿಡು," ಅಂದ ಯಸೋಜಿ. "ಗೋಣಿ ಬಿಚ್ಚಿದ್ರೆ ಚಳಿಗೆ ಸೀಳು ಬಿಡ್ತದೆ. ಕಣ್ಣು ಮುಚ್ಚಿ ಕೈ ಮುಗಿ, ಇಳಿಸ್ತೀನಿ."

"ನೀವು ತೊಳೆದ್ರೆ ಆಯ್ತಾ ಭಾವ? ಕೂದಲು ಕೊಟ್ಟಿದ್ದು ನೀವಾ?"

"ಇದ್ರೆ ತಾನೆ ಕೊಡೋಕೆ," ಎಂದು ಬೋಳುತಲೆ ಸವರಿಕೊಂಡ. ಅವಳು ನಕ್ಕಳು. ನಗುತ್ತಲೇ ಗೋಣಿ ಬಿಚ್ಚಿದಳು.

ಮೈಯೆಲ್ಲ ಬೆಣ್ಣೆಯಂತಿದ್ದ ಕಂಬದ ಪಾದ ಮಾತ್ರ ಕಪ್ಪಗಿತ್ತು. ಉಪ್ಪು, ಎಣ್ಣೆ, ವರ್ಷಗಳ ಒತ್ತಡ ಸೇರಿ ಕುದುರೆಯ ಗೊರಸಿನ ಹಾಗೆ ಆಗಿತ್ತು. ಅದರ ನಡುವೆ, ಗುಳಿಯ ಮೇಲಿದ್ದಷ್ಟು ಜಾಗದಲ್ಲಿ, ಮರದ ಬಣ್ಣ ಹಾಗೇ ಉಳಿದ ಒಂದು ಬಿಳಿಚು ಗುರುತು, ಹುಣ್ಣಿಮೆಯ ಚಂದ್ರನಷ್ಟು ಗುಂಡಗೆ.

ಊರಿನ ಎಲ್ಲ ದೋಣಿಗಳಲ್ಲೂ ದೋಣಿತಾಯಿಯ ಗುಳಿ ಚೌಕ. ಉಳಿಯಿಂದ ಕೆತ್ತಿದ ಗುಳಿ ಇನ್ನು ಹೇಗಿರುತ್ತದೆ? ಒಂದು ದೋಣಿಯಲ್ಲಿ ಮಾತ್ರ ಗುಂಡಗಿದೆ. ಆ ದೋಣಿ ಕಟ್ಟಿದ ಬಡಗಿಯ ಎಡಗೈಗೆ ಅವತ್ತು ಗಾಯವಾಗಿತ್ತು. ಉಳಿ ಹಿಡಿಯಲಾರದೆ ಅವನು ಬೈರಿಗೆಯಿಂದ ತೂತು ಕೊರೆದು ಮುಗಿಸಿದ. ಅದು ಊರಿಗೆಲ್ಲ ಹಳೆಯ ತಮಾಷೆ. "ಯಸೋಜಿಯ ದೋಣಿತಾಯಿಗೆ ಗುಂಡುಮನೆ, ಮೂಲೆಗೆ ಕೂತು ಮುನಿಸಿಕೊಳ್ಳೋಕೂ ಜಾಗ ಇಲ್ಲ," ಅನ್ನುತ್ತಿದ್ದರು.

ಯಸೋಜಿ ಇಡೀ ಕಂಬವನ್ನು ಕೀಸಿ ಹೊಸದು ಮಾಡಿದ್ದ. ಪಾದವನ್ನು ಕೀಸಿರಲಿಲ್ಲ. ದೋಣಿತಾಯಿಯ ಮೇಲೆ ಕೂತ ಮರಕ್ಕೆ ಕಬ್ಬಿಣ ತಾಗಿಸಬಾರದು. ನಾದಿನಿಯ ಕಣ್ಣಿಗೆ ಮಣ್ಣೆರಚಲು ಹೊರಟವನಿಗೆ ದೇವರ ಭಯ ಮಾತ್ರ ಇತ್ತು. ನಮ್ಮ ಭಕ್ತಿಯೆಲ್ಲ ಹೀಗೇ. ಮರದ ಕಾಲಿಗೆ ಅಂಜುತ್ತೇವೆ, ಮನುಷ್ಯರ ಮುಖಕ್ಕೆ ಅಂಜುವುದಿಲ್ಲ.

ಆದರೆ ತೋಮೆಗೆ ಆಗ ಹೊಳೆದದ್ದು ಬೇರೆ.

"ಭಾವ. ಇದು ನಿಮ್ಮ ದೋಣೀದು."

ಅವನು ಸಮುದ್ರದ ಕಡೆ ನೋಡಿದ. "ಮರ ಮರಾನೇ. ಯಾರದಾದ್ರೇನು."

"ನಾಡಿದ್ದು ಸೀಗಡಿ ಶುರು. ನೀವೇನು ಮಾಡ್ತೀರಿ?"

"ನನಗೆ ಬೇರೆ ವ್ಯವಸ್ಥೆ ಇದೆ. ಹಗ್ಗ ಬಿಡು, ಕೈ ಮರಗಟ್ಟಿತು ನಂದು."

ತನಗಾಗಿ ಈ ಮನುಷ್ಯ ತನ್ನ ದೋಣಿಯ ಜೀವವನ್ನೇ ಕಿತ್ತು ತಂದಿದ್ದಾನೆ, ನಾಚಿಕೆಯಾಗಿ ಹೇಳುತ್ತಿಲ್ಲ, ಎಂದುಕೊಂಡಳು ಅವಳು. ಕಣ್ಣೀರು ಕೆನ್ನೆಯ ಮೇಲೇ ತಣ್ಣಗಾಯಿತು. ಪಾದವನ್ನು ಸಾಕೆಯಿಂದ ತೊಳೆದು, ಹೆಪ್ಪುಗಟ್ಟಿದ ಮರಳಿನ ಮೇಲೆ ಮಂಡಿಯೂರಿ ಭಾವನಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಅವನು "ಏಳು, ಏಳು" ಅಂದ, ಮುಖ ತಿರುಗಿಸಿಕೊಂಡೇ. ಕಂಬ ಇಳಿಯಿತು. ದೋಣಿಯ ಮೈಯೆಲ್ಲ ಒಮ್ಮೆ ಗುಂಯ್ ಅಂದು ಸುಮ್ಮನಾಯಿತು.

ಯಸೋಜಿ ಬೆಣೆ ಬಡಿಯಲು ನಿಂತ. ತೋಮೆ ಉಳಿದ ಸಾಕೆ ಹಿಡಿದು ಅಕ್ಕನ ಮನೆಗೆ ಓಡಿದಳು, ಅಕ್ಕನಿಗೂ ಒಂದು ಮಾತು ಹೇಳದಿದ್ದರೆ ಮನಸ್ಸು ತಡೆಯದು ಎಂದು.

ಅಕ್ಕ ಕಿನು ಚಳಿಗಾಲದ ಉಪ್ಪಿನಕಾಯಿಗೆ ಕೂತಿದ್ದಳು. ಮೂಲಂಗಿ, ಎಲೆಕೋಸು, ಒಣಗಿಸಿದ ಹೆರಿಂಗ್ ಮೀನು, ಒಂದರ ಮೇಲೊಂದು ಪೀಪಾಯಿಗೆ ತುಂಬುತ್ತಿದ್ದಳು.

"ಬಂದ್ಯಾ. ಕೂತಿತಾ ಕಂಬ?"

"ಕೂತಿತು ಅಕ್ಕ. ಭಾವ ತಮ್ಮ ದೋಣೀದೇ ಕಿತ್ತು ಕೊಟ್ಟಿದಾರೆ. ಈ ಋಣ ನಾನು..."

"ಹೇಳಿಬಿಟ್ರಾ? ಅಬ್ಬ, ನನ್ನೆದೆ ಮೇಲಿನ ಕಲ್ಲು ಇಳೀತು ನೋಡು," ಅಂದಳು ಕಿನು, ಮುಖ ಅರಳಿಸಿ. "ನಾನು ಆವತ್ತಿಂದ ಬಡ್ಕೋತಾ ಇದೀನಿ, ಅವಳಿಗೆ ಎದುರಿಗೇ ಹೇಳ್ರೀ, ಅವಳೇನು ಹೊರಗಿನವಳಾ ಅಂತ. ನಾಳೆ ಸಭೇಲಿ ನೀನೂ ಹೂಂ ಅಂದುಬಿಟ್ರೆ ಮುಗೀತು."

"ಯಾವುದಕ್ಕೆ ಹೂಂ?"

ಕಿನುವಿನ ಕೈ ಪೀಪಾಯಿಯೊಳಗೇ ನಿಂತಿತು.

ತೋಮೆ ಅಕ್ಕನ ಮುಖದಿಂದ ಕಣ್ಣು ತೆಗೆದು ಮೇಲೆ ನೋಡಿದಳು. ದೇವರಗೂಡಿನಲ್ಲಿ, ದೀಪದ ಪಕ್ಕ, ಹಳದಿ ಬಿದ್ದ ಒಂದು ಕಾಗದದ ಪೊಟ್ಟಣ. ಬಾಯಿ ಸಡಿಲವಾಗಿ ಎರಡು ದಾಳ ಕಾಣುತ್ತಿದ್ದವು. ಅಕ್ಕ ಮದುಮಗಳಾಗಿ ಬಂದಾಗ ಕೊಟ್ಟ ಕೂದಲೂ ಅದರಲ್ಲೇ ಇರಬೇಕು. ದೋಣಿತಾಯಿಯನ್ನು ಎಬ್ಬಿಸಿ ಮನೆಗೆ ತಂದಿದ್ದಾರೆ. ಮುರಿಯದ ಕಂಬ ಕಿತ್ತು, ಮುಪ್ಪಾಗದ ದೋಣಿಯನ್ನು ಸಾಯಿಸಿದ್ದಾರೆ.

"ಹೊಸ ದೋಣಿ ಬರ್ತಾ ಇದೆ ಕಣೆ," ಅಂದಳು ಕಿನು ಸಣ್ಣ ದನಿಯಲ್ಲಿ. "ಬಲೇನೂ ಎಂಜಿನ್ನೇ ಎಳೀತದೆ. ಬೇರೆ ಮನೆಯೋರೆಲ್ಲ ಒಬ್ಬೊಬ್ಬರಾಗಿ ಒಪ್ಪಿದಾರೆ. ನಿಂದೊಂದೇ ಬಾಕಿ. ನಿಮ್ಮ ಭಾವಂಗೆ ಭುಜ ಏಳಲ್ಲ. ಬೆಳಿಗ್ಗೆ ಅಂಗಿ ನಾನು ತೊಡಿಸ್ಬೇಕು. ಈ ಚಳೀಲಿ ಹಾಯಿ ಎತ್ತು ಅಂದ್ರೆ ಹೇಗೆ ಎತ್ತಾರು?"

"ನನಗೆ ಹೇಳಬಹುದಿತ್ತು."

"ನಿನ್ನ ಕೈಬಿಡಬಾರದು ಅಂತಲೇ ಅಲ್ವಾ ಕಂಬ ಕೊಟ್ಟಿದ್ದು? ನೀನು ಹಾಯೀಲಿ ಹಿಡಿ. ಉಳಿದೋರು ಎಂಜಿನ್ನಲ್ಲಿ ಹಿಡೀಲಿ."

"ಹುಲ್ಲು ಹೋದಮೇಲೆ ಹಾಯಿ ಕಟ್ಕೊಂಡು ಏನು ಹಿಡೀಲಿ ಅಕ್ಕ? ಮಂಜು ಹಿಡೀಲಾ?"

ಕಿನು ಉಪ್ಪು ತೆಗೆದು ಮೂಲಂಗಿಯ ಮೇಲೆ ಹಾಕಿದಳು. ಆಗಲೇ ಹಾಕಿದ್ದಳು, ಮರೆತು ಮತ್ತೆ ಹಾಕಿದಳು.

ಭುಜ ಏಳದಿರುವುದು ಸುಳ್ಳಲ್ಲ. ಮುಪ್ಪು ಯಾರನ್ನೂ ಬಿಡುವುದಿಲ್ಲ, ನೋವು ಅವಮಾನವೂ ಅಲ್ಲ. ಕೊಟ್ಟಿಗೆಯಲ್ಲಿ ಎಲ್ಲರೆದುರು ನಿಂತು ನನ್ನ ಕೈಲಾಗುವುದಿಲ್ಲ ಕಣ್ರಯ್ಯ ಅಂದಿದ್ದರೆ, ಅವನ ಹಾಯಿಯನ್ನು ಎತ್ತಲು ಊರಿನ ಕೈಗಳು ಬರುತ್ತಿದ್ದವು, ಮೊದಲ ಕೈ ತೋಮೆಯದೇ. ಅದು ಬೇಕಾಗಲಿಲ್ಲ ಅವನಿಗೆ. ತನ್ನ ಒಂದು ಭುಜಕ್ಕಾಗಿ ಕೊಲ್ಲಿಯ ಹುಲ್ಲನ್ನೇ ಬಲಿ ಕೊಡಲು ಹೊರಟ, ಅದಕ್ಕೆ ವಿಧವೆಯ ಬಾಯಿಗೆ ಉಪಕಾರದ ಬಟ್ಟೆ ತುರುಕಿದ. ಬಡವರ ಬಾಯಿ ಮುಚ್ಚಿಸಲು ಹೊಡೆಯಬೇಕಾಗಿಲ್ಲ. ಅವರಿಗೆ ಬಹಳ ಬೇಕಾದದ್ದನ್ನು ಸರಿಯಾದ ಹೊತ್ತಿಗೆ ತಂದುಕೊಟ್ಟರೆ ಸಾಕು.

ಅವಳು ದಂಡೆಗೆ ಬಂದಾಗ ಯಸೋಜಿ ಕೊಡತಿಯಿಂದ ಬೆಣೆ ಬಡಿಯುತ್ತಿದ್ದ.

"ಬಡೀಬೇಡಿ ಭಾವ."

ಅವನು ಇನ್ನೆರಡು ಪೆಟ್ಟು ಹಾಕಿ ನಿಲ್ಲಿಸಿದ. "ಕಿನು ಹೇಳಿದ್ಲಾ."

"ನೀವು ಹೇಳಬೇಕಿತ್ತು."

"ಹೇಳಿದ್ರೆ ಕಂಬ ತಗೋತಿದ್ಯಾ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ."

"ನಾನು ನಿಮ್ಮ ಕಾಲಿಗೆ ಬಿದ್ದೆ ಈಗ. ಇಲ್ಲೇ. ನೀವು ನೋಡ್ತಾ ನಿಂತಿದ್ರಿ."

ಅವನ ಮುಖ ಬಿಸಿಲಿಗೆ ಒಡೆದ ಚರ್ಮದ ಹಾಗಾಯಿತು. ಕೊಡತಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ.

"ಇದನ್ನ ತಗೊಂಡು ಹೋಗಿ," ಅಂದಳು.

"ನಿನ್ನ ಕೂದಲ ಮೇಲೆ ಕೂತಿದೆ ತೋಮೆ. ನೀನೇ ಕೀಳು, ನೋಡೋಣ."

ಅದರಲ್ಲಿ ಹಂಗಿಸುವ ದನಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಅಷ್ಟೆ. ಹಂಗಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಮರುದಿನ ಮಧ್ಯಾಹ್ನ ಬೇಯಿಸುವ ಕೊಟ್ಟಿಗೆಯಲ್ಲಿ ಸಭೆ. ಒಲೆಗೆ ಬೆಂಕಿ ಹಾಕಿ ಎಲ್ಲರೂ ಸುತ್ತ ಕೂತರು. ಎಲ್ಲರಿಗಿಂತ ಹಿರಿಯ ಒತೊಮಾತ್ಸು ಅಜ್ಜ ಹುಲ್ಲಿನ ಮೇಲೆ ಎಂಜಿನ್ ಬಿಡೋಣವೇ ಎಂದು ಒಂದೊಂದೇ ಮನೆಯ ಹೆಸರು ಹಿಡಿದು ಕೇಳುತ್ತ ಹೋದ. ಹೂಂ. ಹೂಂ. ಯಸೋಜಿ ಹೇಳಿದ ಹಾಗೆ. ಯಸೋಜಿ ಹೇಳಿದ ಮೇಲೆ ಇನ್ನೇನು. ಒಬ್ಬರೂ ತಲೆ ಎತ್ತಿ ಹೇಳಲಿಲ್ಲ, ಬೆಂಕಿಗೆ ಹೇಳಿದರು.

"ತೋಮೆ ಮನೆ?"

ಅವಳು ಬಾಯಿ ತೆರೆಯುವ ಮುಂಚೆ ತಸಾಬುರೊ ನಗಾಡಿದ. "ಆ ಮನೇನ ಕೇಳೋದೇನಿದೆ ಅಜ್ಜ? ಹೊಸ ಕಂಬ ದೂರದಿಂದಲೇ ತಲೆ ಆಡಿಸ್ತಾ ಇದೆಯಲ್ಲ. ಉಂಡ ಮನೆ ಜಂತೆ ಎಣಿಸೋ ಹೆಂಗಸಲ್ಲ ಅವಳು."

ಕೆಲವರು ನಕ್ಕರು. ತೋಮೆ ಯಸೋಜಿಯನ್ನು ನೋಡಿದಳು. ತಸಾಬುರೊನ ಬಾಯಿ ಮುಚ್ಚಿಸಲು ಅವನಿಗೆ ಒಂದು ಮಾತು ಸಾಕಿತ್ತು, ಒಲೆಯ ತಮಾಷೆಯಂಥ ಒಂದೇ ಮಾತು. ಅವನು ಬೆಂಕಿಗೆ ಸೌದೆ ಸರಿಮಾಡುತ್ತಿದ್ದ.

"ಕಂಬ ಭಾವ ಕೊಟ್ಟಿದ್ದು," ಅಂದಳು ತೋಮೆ. "ಒಳ್ಳೆ ಕಂಬ. ಆ ಋಣ ಸಾಯೋವರೆಗೂ ನನ್ನ ಮೇಲಿರುತ್ತೆ. ಹೆಂಗೆ ತೀರಿಸಬೇಕೋ ಹಂಗೆ ತೀರಿಸ್ತೀನಿ. ಬೇಕಾದ್ರೆ ದಿನಾ ಅವರ ಬಲೆ ಹೊರ್ತೀನಿ. ಹುಲ್ಲು ಮಾತ್ರ ಭಾವ ಕೊಟ್ಟಿದ್ದಲ್ಲ. ನಾನು ಒಪ್ಪಲ್ಲ."

ಹಂಡೆಯ ನೀರು ಸಣ್ಣಗೆ ಸದ್ದು ಮಾಡುತ್ತಿತ್ತು. ಯಾರೋ "ಥೂ" ಅಂದರು. ತಸಾಬುರೊ ಒಬ್ಬಳಿಗಾಗಿ ಊರೆಲ್ಲ ಉಪವಾಸ ಬೀಳಬೇಕಾ ಎಂದು ಗೊಣಗಿದ.

ಅಜ್ಜ ಹುಬ್ಬು ಕೆರೆದುಕೊಂಡ. "ಒಂದು ಮನೆ ಬೇಡ ಅಂದ್ರೆ ಬೇಡ. ಹಂಗಂತ ಕಟ್ಟಳೆ ಮಾಡಿದ್ದು ಯಾರಪ್ಪ?"

ಕೊನೆಗೆ ಯಸೋಜಿಯೇ, "ನಾನೇ," ಅಂದ.

ಸಭೆ ಮುಗಿಯಿತು. ಕೆಲವರಿಗೆ ಒಳಗೊಳಗೇ ಸಮಾಧಾನವಾಗಿತ್ತು. ಇದು ಆಮೇಲೆ ಅವರ ಹೆಂಡಿರ ಬಾಯಿಂದ ಹೊರಬಿತ್ತು. ಆ ಸಮಾಧಾನವನ್ನು ಕೊಟ್ಟಿಗೆಯಲ್ಲಿ ಬಾಯಿಬಿಟ್ಟು ಹೇಳುವ ಒಬ್ಬ ಗಂಡಸೂ ಇರಲಿಲ್ಲ. ತೋಮೆ ಎದ್ದಾಗ ಪಕ್ಕದಲ್ಲಿದ್ದವರು ದಾರಿ ಬಿಟ್ಟರು, ಮಡಿಯವರು ದಾರಿ ಬಿಡುವ ಹಾಗೆ.

ಬಾಗಿಲಲ್ಲಿ ಕಿನು ನಿಂತಿದ್ದಳು. "ನಮ್ಮ ಕಂಬಾನೂ ತಗೊಂಡೆ, ನಮ್ಮ ಅನ್ನಾನೂ ತಗೊಂಡೆ," ಅಂದಳು. ಅಷ್ಟೇ ಅಂದದ್ದು.

ಸೀಗಡಿ ಶುರುವಾಗುವ ಬೆಳಿಗ್ಗೆ ಕಿನು ಪ್ರತಿ ವರ್ಷ ಕೆಂಪು ಅಲಸಂದೆಯ ಅನ್ನ ಮಾಡಿ ಎರಡು ಬುತ್ತಿ ತರುವವಳು, ಒಂದು ಗಂಡನ ದೋಣಿಗೆ, ಒಂದು ತಂಗಿಯ ದೋಣಿಗೆ. ಈ ಸಲ ಬರಲಿಲ್ಲ. ದೋಣಿಗಳು ಒಂದೊಂದಾಗಿ ನೀರಿಗೆ ಇಳಿದವು, ಎಲ್ಲದರ ಮೇಲೂ ಹಾಯಿ. ಯಸೋಜಿಯ ದೋಣಿ ಮಾತ್ರ ಮರಳ ಮೇಲೆ ಮೊಂಡಾಗಿ ಮಲಗಿತ್ತು, ಕಂಬವಿದ್ದ ತೂತಿನಲ್ಲಿ ಮಳೆನೀರು ಹೆಪ್ಪುಗಟ್ಟಿಕೊಂಡು.

ಯಸೋಜಿ ಬಂದಿದ್ದ. ಪ್ರತಿ ದೋಣಿಯನ್ನೂ ದಂಡೆಯ ಗಂಡಸರೆಲ್ಲ ಸೇರಿ ನೂಕುವುದು ಅಭ್ಯಾಸ. ತೋಮೆಯ ದೋಣಿಯ ಸರದಿ ಬಂದಾಗ ಉಳಿದವರ ಕೈಗಳಿಗೆ ಏನೇನೋ ಕೆಲಸ ಬಂದುಬಿಟ್ಟಿತು. ಅವನೊಬ್ಬನೇ ಹಿಂದೆ ನಿಂತು ಎಡಭುಜ ಕೊಟ್ಟ.

"ಬಂದು ಕೂತ್ಕೊಳ್ಳಿ ಭಾವ," ಅಂದಳು ಅವಳು, ತಿರುಗದೆ. "ಹಾಯಿ ನಾನು ಎತ್ತೀನಿ. ನೀವು ಚುಕ್ಕಾಣಿ ಹಿಡೀರಿ. ಬಂದದ್ದರಲ್ಲಿ ಅರ್ಧ."

ಅವನು ದೋಣಿಯ ಅಂಚನ್ನು ಹಿಡಿದುಕೊಂಡು ಇನ್ನೆರಡು ಹೆಜ್ಜೆ ನೀರಿಗೆ ಬಂದ. ನೀರು ಅವನ ಬೂಟಿನ ಮಟ್ಟಕ್ಕೆ ಬಂದಿತ್ತು. ಆಮೇಲೆ ಕೈ ಬಿಟ್ಟ.

"ಬಲಗಡೆ ಹಗ್ಗ ಪೂರ್ತಿ ಬಿಗೀಬೇಡ. ಆ ಕಂಬದ ಸ್ವಭಾವ ಎಡಕ್ಕೆ ಬಾಗೋದು. ಬಾಗೋಷ್ಟು ಬಾಗಿ ತಾನೇ ನಿಲ್ಲತ್ತೆ."

ಅವಳು ಹುಟ್ಟು ಹಾಕಿ ಕೊಲ್ಲಿಯ ನಡುವೆ ಹುಲ್ಲಿನ ಮೇಲೆ ಬಂದು ಹಾಯಿ ಎತ್ತಿದಳು. ಬಲಗಡೆ ಹಗ್ಗವನ್ನು ಹಟಕ್ಕೆ ಬಿಗಿದು ಕಟ್ಟಿದಳು, ಆಗುವಷ್ಟೂ ಬಿಗಿದಳು. ಗಾಳಿ ತುಂಬಿತು. ಕಂಬ ನರಳತೊಡಗಿತು, ದೋಣಿ ಓರೆಯಾಗಿ ಜಾರಿ ಬಲೆ ಒಂದೇ ಕಡೆಗೆ ಮುದ್ದೆಯಾಯಿತು. ಇನ್ನೊಂದು ಬಿರುಸಾದ ಗಾಳಿ ಬಂದರೆ ಮುರಿಯುತ್ತದೆ ಎಂದು ಅವಳ ಕೈಗೆ ಗೊತ್ತಾಯಿತು. ಆ ಕೈಗೆ ಅದನ್ನು ಕಲಿಸಿದವನು ದಂಡೆಯ ಮೇಲೆ ಚುಕ್ಕೆಯಾಗಿ ಕಾಣುತ್ತಿದ್ದ.

ಹಗ್ಗ ಸಡಿಲ ಬಿಟ್ಟಳು. ಕಂಬ ಎಡಕ್ಕೆ ಬಾಗಿತು, ಬಾಗುವಷ್ಟು ಬಾಗಿ ನಿಂತಿತು. ದೋಣಿ ನೇರವಾಗಿ ಹುಲ್ಲಿನ ಮೇಲೆ ತೇಲತೊಡಗಿತು. ಅವನು ಹೇಳಿದ್ದು ಸರಿಯಾಗಿತ್ತು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ತೋಮೆ, ಬಲೆಯ ಹಗ್ಗವನ್ನು ಮಂಡಿಯ ಕೆಳಗೆ ಒತ್ತಿಹಿಡಿದು, ಬಿಕ್ಕಿಬಿಕ್ಕಿ ಅತ್ತಳು.